ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ: ಉಳಿಕೆ ಶ್ರವಣಶಕ್ತಿಯ ಸಂರಕ್ಷಣೆ

ತೀವ್ರ ಶ್ರವಣದೋಷವುಳ್ಳ ಅನೇಕರಲ್ಲಿ ಮಂದ್ರ ಸ್ಥಾಯಿಯ ಧ್ವನಿಗಳನ್ನು ಕೇಳುವ ಶಕ್ತಿಯು ಅಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆ. ಇದನ್ನು ಉಳಿಕೆ ಶ್ರವಣಶಕ್ತಿ ಎನ್ನಲಾಗುತ್ತದೆ. ಒಳಗಿವಿಯ ಕಾಕ್ಲಿಯಾ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುರುಳಿಯಾಗಿದ್ದು, ಅದರ ಬುಡವು ತಾರ ಸ್ಥಾಯಿಯ ಧ್ವನಿಗಳನ್ನೂ ತುದಿಯು ಮಂದ್ರ ಸ್ಥಾಯಿಯ ಧ್ವನಿಗಳನ್ನೂ ಗ್ರಹಿಸುತ್ತದೆ. ಬುಡದ ಕಡೆಯಿಂದ ಎಲೆಕ್ಟ್ರೋಡ್ ಸೇರಿಸುವಾಗ ಅಲ್ಲಿನ ಸೂಕ್ಷ್ಮ ಪೊರೆಗಳಿಗೆ ಧಕ್ಕೆಯಾದಲ್ಲಿ ಈ ಶಕ್ತಿಯು ನಷ್ಟವಾಗುವ ಸಂಭವವಿರುತ್ತದೆ.

ಇದನ್ನು ತಪ್ಪಿಸುವ ಸಲುವಾಗಿ, ತೆಳುವಾದ ಹಾಗೂ ಸುಲಭವಾಗಿ ಬಾಗುವ ಎಲೆಕ್ಟ್ರೋಡನ್ನು ಒಳಗಿವಿಯ ಸಹಜ ದುಂಡು ಕಿಂಡಿಯ ಮೂಲಕ ಅತಿ ನಿಧಾನವಾಗಿ ಸೇರಿಸಲಾಗುತ್ತದೆ. ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಔಷಧವನ್ನೂ ನೀಡಲಾಗುತ್ತದೆ. ಸಾಕಷ್ಟು ಶಕ್ತಿ ಉಳಿದಲ್ಲಿ, ಅದೇ ಕಿವಿಯಲ್ಲಿ ಇಂಪ್ಲಾಂಟ್ ಹಾಗೂ ಶ್ರವಣ ಸಾಧನ ಎರಡರ ಪ್ರಯೋಜನವನ್ನೂ ಪಡೆಯಬಹುದು. ಗದ್ದಲದಲ್ಲಿ ಮಾತು ಗ್ರಹಿಸಲು ಹಾಗೂ ಸಂಗೀತ ಆಲಿಸಲು ಇದು ಸಹಕಾರಿ.

ಆದಾಗ್ಯೂ ಸಂರಕ್ಷಣೆಯ ಖಾತರಿ ಇರುವುದಿಲ್ಲ. ತಿಂಗಳುಗಳು ಕಳೆದ ಮೇಲೂ ಈ ಶಕ್ತಿಯು ಕ್ಷೀಣಿಸಬಹುದು. ಕಳೆದುಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾದರೂ ಇಂಪ್ಲಾಂಟ್ ತನ್ನ ಕಾರ್ಯ ನಿರ್ವಹಿಸುತ್ತದೆ. ಆದುದರಿಂದ ಅರ್ಜಿದಾರರು ಅಥವಾ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ, ಇತ್ತೀಚಿನ ಶ್ರವಣ ಪರೀಕ್ಷಾ ವರದಿಯೊಂದಿಗೆ ಶಸ್ತ್ರಚಿಕಿತ್ಸಕರಲ್ಲಿ ಈ ಕುರಿತು ವಿಚಾರಿಸುವುದು. ಮಾತು ಕಲಿಯುವ ವಯಸ್ಸು ಮೀರಿದಲ್ಲಿ ಪ್ರಯೋಜನ ಕಡಿಮೆಯಾಗುವುದರಿಂದ, ಈ ಆತಂಕದ ಕಾರಣಕ್ಕಾಗಿ ಮಕ್ಕಳ ಚಿಕಿತ್ಸೆಯನ್ನು ಮುಂದೂಡಬಾರದೆಂದು ಕೋರಲಾಗಿದೆ.