ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್

ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್ ಎಂಬುದು ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯು ರೂಪಿಸಿ ಪ್ರಕಟಿಸಿದ ವಿಡಿಯೋ ಗೇಮ್. ಇದು ಜಪಾನಿನಲ್ಲಿ 2016ರ ಜನವರಿ 28ರಂದು ಪ್ಲೇಸ್ಟೇಷನ್ 3, ಪ್ಲೇಸ್ಟೇಷನ್ 4 ಮತ್ತು ಪ್ಲೇಸ್ಟೇಷನ್ ವೀಟಾ ಯಂತ್ರಗಳಿಗಾಗಿ ಬಿಡುಗಡೆಯಾಯಿತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿನ ಆಟಗಾರರಿಗೆ ದೊರೆಯಿತು. 1986ರ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ಕಾಣಿಸಿಕೊಂಡು ಜಪಾನಿನ ಒಂದು ಇಡೀ ಪೀಳಿಗೆಗೆ ಚಿರಪರಿಚಿತವಾದ ಅಲೆಫ್‌ಗಾರ್ಡ್ ಎಂಬ ಕಲ್ಪಿತ ನಾಡೇ ಇದರ ರಂಗಸ್ಥಳ. ಆದರೆ ಇಲ್ಲಿ ಆ ನಾಡು ಹಾಳುಬಿದ್ದಿದೆ. ಅದನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಕಟ್ಟುವುದು ಆಟಗಾರನ ಕೆಲಸ.

ಹಿನ್ನೆಲೆ

ಮೂಲ ಡ್ರ್ಯಾಗನ್ ಕ್ವೆಸ್ಟ್ 1986ರ ಮೇ 27ರಂದು ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರಬಂದಿತು. ಇದರ ಕಥಾರಚನೆ ಯೂಜಿ ಹೊರಿಯಿ ಅವರದು, ಚಿತ್ರವಿನ್ಯಾಸ ಅಕಿರಾ ತೊರಿಯಾಮಾ ಅವರದು, ಸಂಗೀತ ಕೊಯಿಚಿ ಸುಗಿಯಾಮಾ ಅವರದು. ಕಥೆ ಸರಳವಾದುದು. ಪುರಾತನ ವೀರನೊಬ್ಬನ ವಂಶದಲ್ಲಿ ಹುಟ್ಟಿದ ಯುವಕನು ಒಂಟಿಯಾಗಿ ಅಲೆಫ್‌ಗಾರ್ಡ್‌ನ ಊರೂರು ಸುತ್ತಿ, ಬಲ ಗಳಿಸಿ, ಕೊನೆಗೆ ಡ್ರ್ಯಾಗನ್‌ಲಾರ್ಡ್ ಎಂಬ ದುಷ್ಟ ಅರಸನ ಎದುರು ನಿಲ್ಲುತ್ತಾನೆ. ಯುದ್ಧಕ್ಕೆ ಮುನ್ನ ಡ್ರ್ಯಾಗನ್‌ಲಾರ್ಡ್ ಒಂದು ಪ್ರಶ್ನೆ ಕೇಳುತ್ತಾನೆ: ತನ್ನೊಡನೆ ಸೇರಿದರೆ ಅರ್ಧ ಜಗತ್ತನ್ನು ಕೊಡುವುದಾಗಿ ಹೇಳಿ, ಒಪ್ಪಿಗೆಯೇ ಎಂದು ವಿಚಾರಿಸುತ್ತಾನೆ. ಇಲ್ಲವೆಂದರೆ ಯುದ್ಧ ಆರಂಭವಾಗುತ್ತದೆ. ಹೌದೆಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ಆಟಗಾರನು ಹಿಂದಕ್ಕೆ ಹೋಗಿ ಸರಿಯಾದ ಉತ್ತರ ಕೊಡಬೇಕಾಗುತ್ತಿತ್ತು.

ಆ ತಪ್ಪು ಉತ್ತರದ ಮರುದಿನ ಏನಾಯಿತೆಂದು ಮೂಲ ಆಟ ಹೇಳಲಿಲ್ಲ. ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್ ಹುಟ್ಟುವುದೇ ಆ ಮೌನದಿಂದ. ಇಲ್ಲಿ ವೀರನು ಹೌದೆಂದು ಉತ್ತರಿಸಿದ್ದಾನೆ, ಮತ್ತು ಅದಾಗಿ ಎಷ್ಟೋ ಕಾಲ ಕಳೆದುಹೋಗಿದೆ.

ಮೂಲ ಆಟದಲ್ಲಿಯೂ ಒಂದು ಹಾಳೂರು ಇತ್ತೆಂಬುದನ್ನು ಇಲ್ಲಿ ನೆನೆಯಬಹುದು. ಹಾಕ್ಸ್‌ನೆಸ್ ಎಂಬ ಆ ಊರಿನಲ್ಲಿ ಮನುಷ್ಯರಿರಲಿಲ್ಲ, ಕುಸಿದ ಗೋಡೆಗಳೂ ರಾಕ್ಷಸರೂ ಮಾತ್ರ ಇದ್ದರು. ಎರಡು ವರ್ಷಗಳ ನಂತರ ಬಂದ ಡ್ರ್ಯಾಗನ್ ಕ್ವೆಸ್ಟ್ 3ರ ಕಥೆ ನಡೆಯುವುದು ಇದಕ್ಕೂ ಹಿಂದಿನ ಕಾಲದಲ್ಲಿ. ಹೀಗಾಗಿ ಹಾಳಾಗಿದ್ದ ಅದೇ ಊರು ಜನರಿಂದ ತುಂಬಿ ಜೀವಂತವಾಗಿರುವುದನ್ನು ಆಟಗಾರರು ಅಲ್ಲಿ ಕಂಡರು. ಪರಿಚಿತ ಸ್ಥಳವನ್ನು ಬೇರೊಂದು ಕಾಲದಲ್ಲಿ ತೋರಿಸಿ ಮನಸ್ಸನ್ನು ಕಲಕುವ ಈ ಕ್ರಮವು ಸರಣಿಗೆ ಹೊಸದಲ್ಲ. ಬಿಲ್ಡರ್ಸ್ ಅದನ್ನು ಒಂದು ಊರಿನಿಂದ ಇಡೀ ನಾಡಿಗೆ ವಿಸ್ತರಿಸಿತು.

ಕಥಾವಸ್ತು

ಡ್ರ್ಯಾಗನ್‌ಲಾರ್ಡ್ ಜಗತ್ತನ್ನು ಗೆದ್ದಮೇಲೆ ಜನರಿಂದ ಕಸಿದುಕೊಂಡದ್ದು ಅವರ ಮನೆಗಳನ್ನಷ್ಟೇ ಅಲ್ಲ, ವಸ್ತುಗಳನ್ನು ನಿರ್ಮಿಸುವ ಶಕ್ತಿಯನ್ನೂ ಕಸಿದುಕೊಂಡನು. ಬದುಕುಳಿದವರು ಅವಶೇಷಗಳ ನಡುವೆ ಅಲೆಯುತ್ತಾರೆ. ಕಣ್ಣೆದುರಿಗೆ ಮಣ್ಣು, ಮರ, ಕಲ್ಲು ಎಲ್ಲವೂ ಇದ್ದರೂ ಅವುಗಳಿಂದ ಏನನ್ನಾದರೂ ಮಾಡಬಹುದೆಂಬ ಯೋಚನೆಯೇ ಅವರಿಗೆ ಬರುವುದಿಲ್ಲ. ಸಾಮಾನ್ಯವಾಗಿ ಪ್ರಳಯೋತ್ತರ ಕಥೆಗಳಲ್ಲಿ ಕೊರತೆಯಿರುವುದು ಅನ್ನಕ್ಕೆ, ನೀರಿಗೆ, ಆಯುಧಗಳಿಗೆ. ಇಲ್ಲಿ ಕೊರತೆಯಿರುವುದು ಕಲ್ಪನಾಶಕ್ತಿಗೆ. ಇದು ಈ ಕೃತಿಯ ಅತ್ಯಂತ ಸ್ವಂತವಾದ ಅಂಶವೆನ್ನಬಹುದು.

ದೇವತೆ ರುಬಿಸ್ ಎಚ್ಚರಿಸಿದ ವ್ಯಕ್ತಿಯೊಬ್ಬರಲ್ಲಿ ಮಾತ್ರ ಆ ಶಕ್ತಿ ಉಳಿದಿದೆ. ಅವರೇ ನಿರ್ಮಾತೃ. ಆಟಗಾರನು ಈ ಪಾತ್ರವನ್ನು ಗಂಡಾಗಿಯೋ ಹೆಣ್ಣಾಗಿಯೋ ಆರಿಸಿಕೊಳ್ಳಬಹುದು. ನಿರ್ಮಾತೃವು ವೀರನಲ್ಲ ಎಂಬುದನ್ನು ದೇವತೆ ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತಾಳೆ. ರಾಕ್ಷಸರನ್ನು ಕೊಂದ ಮಾತ್ರಕ್ಕೆ ಈ ಪಾತ್ರದ ಬಲ ಹೆಚ್ಚುವುದಿಲ್ಲ. ಹಿಂದಿನ ಆಟಗಳನ್ನು ಆಡಿದವರಿಗೆ ಇದು ಗಣನೀಯ ಬದಲಾವಣೆ, ಏಕೆಂದರೆ ಹೋರಾಡಿ ಹಂತ ಏರುವುದೇ ಆ ಸರಣಿಯ ಬೆನ್ನೆಲುಬಾಗಿತ್ತು.

ಕಥೆಯಲ್ಲಿ ನಾಲ್ಕು ಅಧ್ಯಾಯಗಳಿವೆ. ಮೊದಲನೆಯದು ಕ್ಯಾಂಟ್ಲಿನ್ ಎಂಬ ಕೋಟೆಯೂರಿನ ಕಥೆ. ಮೂಲ ಆಟದಲ್ಲಿ ಈ ಊರಿನ ಬಾಗಿಲನ್ನು ಗೋಲೆಮ್ ಎಂಬ ಬೃಹತ್ ಇಟ್ಟಿಗೆಯ ಕಾವಲುಗಾರ ಕಾಯುತ್ತಿದ್ದನು. ಬಿಲ್ಡರ್ಸ್‌ನಲ್ಲಿ ಆತನೇ ಊರನ್ನು ನಾಶಮಾಡಿದವನು. ಮುತ್ತಿಗೆಗೆ ಸಿಕ್ಕಿದ ಜನರು ತಮ್ಮತಮ್ಮಲ್ಲೇ ಕಾದಾಡತೊಡಗಿದಾಗ, ಊರಿಗೆ ಅಪಾಯ ಒಳಗಿನ ಮನುಷ್ಯರಿಂದಲೇ ಎಂದು ಆ ಕಾವಲುಗಾರ ತೀರ್ಮಾನಿಸಿದನಂತೆ. ಹಳೆಯ ಆಟದ ಒಂದು ಸಣ್ಣ ವಿವರವನ್ನು ತಿರುವಿ ಇಷ್ಟು ಕಹಿಯಾದ ಅರ್ಥವನ್ನು ಹೊರಡಿಸಿರುವುದು ಕಥೆಗಾರರ ಜಾಣ್ಮೆಗೆ ಸಾಕ್ಷಿ. ನಿರ್ಮಾತೃ ಈ ಅವಶೇಷಗಳ ನಡುವೆ ಭರವಸೆಯ ಧ್ವಜವನ್ನು ನೆಡುತ್ತಿದ್ದಂತೆ ಅಲ್ಲಿಂದ ಬೆಳಕು ಚೆಲ್ಲುತ್ತದೆ. ಆ ಬೆಳಕನ್ನು ಕಂಡು ಒಬ್ಬೊಬ್ಬರಾಗಿ ಜನ ಬರುತ್ತಾರೆ. ಮೊದಲು ಬರುವವಳು ಪಿಪ್ಪಾ ಎಂಬ ಹುಡುಗಿ.

ಎರಡನೆಯ ಅಧ್ಯಾಯದ ರಿಮುಲ್ಡಾರ್ ಒಮ್ಮೆ ನೀರಿನಿಂದ ಸುತ್ತುವರಿದ ಚೆಲುವಾದ ಊರು. ಈಗ ನೀರು ವಿಷವಾಗಿದೆ, ಜನರು ಸಾಂಕ್ರಾಮಿಕ ರೋಗದಿಂದ ನರಳುತ್ತಿದ್ದಾರೆ. ಇಲ್ಲಿ ಕಟ್ಟಬೇಕಾದುದು ಕೋಟೆಯಲ್ಲ, ಆಸ್ಪತ್ರೆ. ಹಾಸಿಗೆ ಹಾಕಿ, ರೋಗಿಗಳನ್ನು ಹೊತ್ತು ತಂದು ಮಲಗಿಸಿ, ಔಷಧ ತಯಾರಿಸುವುದರಲ್ಲಿಯೇ ಆಟಗಾರನ ಹೆಚ್ಚಿನ ಸಮಯ ಸಲ್ಲುತ್ತದೆ. ಸಾವನ್ನೇ ಗೆಲ್ಲಲು ಹೊರಟ ವಿದ್ವಾಂಸನೊಬ್ಬನ ಪ್ರಯೋಗಗಳು ಏನಾದವೆಂಬುದು ನಿಧಾನವಾಗಿ ಬಯಲಾಗುತ್ತದೆ. ನಾಲ್ಕರಲ್ಲಿ ಅತಿ ಗಂಭೀರವಾದ ಅಧ್ಯಾಯ ಇದೇ. ಬಣ್ಣಬಣ್ಣದ, ಗೊಂಬೆಯಂಥ ಪಾತ್ರಗಳ ಆಟದಲ್ಲಿ ರೋಗಿಗಳ ಸಾವನ್ನೂ ಮುಚ್ಚಿಡದೆ ತೋರಿಸಲಾಗಿದೆ.

ಮೂರನೆಯ ಅಧ್ಯಾಯ ಬಿಸಿನೀರಿನ ಬುಗ್ಗೆಗಳ ಕೋಲ್ ಮತ್ತು ಹಿಮಾವೃತ ಗೇಲನ್‌ಹೋಮ್ ಪ್ರದೇಶಗಳಲ್ಲಿ ನಡೆಯುತ್ತದೆ; ಇದರ ಧಾಟಿ ಹಗುರವಾದುದು. ಕೊನೆಯದು ಟಾಂಟೆಗೆಲ್, ಮೂಲ ಆಟ ಆರಂಭವಾಗಿದ್ದ ರಾಜಧಾನಿ. ಇಲ್ಲಿ ನೆಲವೇ ಸತ್ತಿದೆ, ಸುತ್ತಲೂ ಕತ್ತಲೆ. ಮೊದಲ ಆಟದಲ್ಲಿ ಅರಸನಿಂದ ಬೀಳ್ಕೊಡುಗೆ ಪಡೆದು ಹೊರಟ ಜಾಗವನ್ನು ಈಗ ಆಟಗಾರನೇ ಕಟ್ಟಬೇಕು. ಅಂದು ಹೌದೆಂದ ಆ ವೀರನೂ ಇಲ್ಲಿ ಎದುರಾಗುತ್ತಾನೆ. ಅರ್ಧ ಜಗತ್ತಿನ ಹೆಸರಿನಲ್ಲಿ ಅವನಿಗೆ ದೊರೆತದ್ದು ಕತ್ತಲೊಳಗಿನ ಏಕಾಂತವಷ್ಟೇ. ಅವನನ್ನು ಬರಿಯ ದ್ರೋಹಿಯೆಂದು ಚಿತ್ರಿಸದೆ, ವೀರನಾಗಿರಲೇಬೇಕೆಂಬ ಒತ್ತಾಯದಿಂದ ಬಳಲಿದವನೆಂದು ಕಥೆ ಕರುಣೆಯಿಂದ ಕಾಣುತ್ತದೆ.

ಆಟದ ವಿಧಾನ

ಅಲೆಫ್‌ಗಾರ್ಡ್ ಇಲ್ಲಿ ಘನಾಕೃತಿಯ ತುಂಡುಗಳಿಂದ ರಚಿತವಾಗಿದೆ. ಮಣ್ಣು, ಕಲ್ಲು, ಮರ ಇವುಗಳನ್ನು ಒಡೆದು, ಸಂಗ್ರಹಿಸಿ, ಬೇಕಾದೆಡೆ ಇರಿಸಬಹುದು. ಈ ಕಾರಣದಿಂದ ಇದನ್ನು ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯ ಮೈನ್‌ಕ್ರಾಫ್ಟ್ ಆಟದ ಅನುಕರಣೆಯೆಂದು ಕರೆಯುವುದುಂಟು. ತಳಹದಿಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಮೈನ್‌ಕ್ರಾಫ್ಟ್‌ನ ಆಟಗಾರನು ಯಾರೂ ಮುಟ್ಟದ ನೆಲದ ಮೇಲೆ ತನ್ನ ಇಚ್ಛೆಯಂತೆ ಕಟ್ಟುತ್ತಾನೆ. ಬಿಲ್ಡರ್ಸ್‌ನಲ್ಲಿ ಕಟ್ಟುವುದು ಬೇರೆಯವರ ಅಗತ್ಯಕ್ಕಾಗಿ, ಬೇರೆಯವರು ಒಮ್ಮೆ ಬಾಳಿದ್ದ ನೆಲದ ಮೇಲೆ. ಊರಿನವರು ಅಡುಗೆಮನೆ ಬೇಕೆನ್ನುತ್ತಾರೆ, ಮಲಗಲು ಕೋಣೆ ಕೇಳುತ್ತಾರೆ, ಕೆಲವೊಮ್ಮೆ ತಾವೇ ಗೀಚಿದ ನಕ್ಷೆಯನ್ನು ಕೈಗಿಡುತ್ತಾರೆ. ಕುಸಿದ ಗೋಡೆಯ ಇಟ್ಟಿಗೆಯನ್ನು ಕಿತ್ತು ಹೊಸ ಮನೆಗೆ ಬಳಸಲು ಅಡ್ಡಿಯಿಲ್ಲ.

ಕೋಣೆಯ ನಿಯಮ ಸುಲಭವಾದುದು. ಎರಡು ತುಂಡುಗಳಷ್ಟು ಎತ್ತರದ ಗೋಡೆ ಸುತ್ತಲೂ ಇರಬೇಕು, ಒಂದು ಬಾಗಿಲು ಮತ್ತು ಒಂದು ದೀಪ ಇರಬೇಕು. ಇಷ್ಟಾದರೆ ಆಟವು ಅದನ್ನು ಕೋಣೆಯೆಂದು ಒಪ್ಪುತ್ತದೆ. ಒಳಗಿಟ್ಟ ವಸ್ತುಗಳಿಗೆ ತಕ್ಕಂತೆ ಅದು ಮಲಗುವ ಕೋಣೆಯೋ ಕಾರ್ಯಾಗಾರವೋ ಆಗುತ್ತದೆ. ಕೋಣೆಗಳು ಹೆಚ್ಚಿದಂತೆ ಊರಿನ ಹಂತ ಏರುತ್ತದೆ. ಹಸಿವನ್ನು ಸೂಚಿಸುವ ಅಳತೆಯೊಂದಿದ್ದು, ಆಗಾಗ ಆಹಾರ ಸೇವಿಸಬೇಕು. ರಾಕ್ಷಸರು ಗುಂಪುಗುಂಪಾಗಿ ಬಂದು ಕಟ್ಟಿದ ಗೋಡೆಗಳನ್ನು ಕೆಡವುವುದೂ ಉಂಟು.

ಪ್ರತಿ ಅಧ್ಯಾಯದ ಕೊನೆಯಲ್ಲಿ ನಿರ್ಮಾತೃ ಆ ಊರನ್ನು ಬಿಟ್ಟು ಹೊಸ ಪ್ರದೇಶಕ್ಕೆ ಬರಿಗೈಯಲ್ಲಿ ಹೋಗಬೇಕು. ಸಂಗ್ರಹಿಸಿದ ಸಾಮಗ್ರಿ, ಕಲಿತ ತಯಾರಿಕೆ ಯಾವುದೂ ಜೊತೆಗೆ ಬರುವುದಿಲ್ಲ. ಗಂಟೆಗಟ್ಟಲೆ ಶ್ರಮಿಸಿದ್ದನ್ನು ಹೀಗೆ ಕಳೆದುಕೊಳ್ಳುವುದು ಹಲವರಿಗೆ ರುಚಿಸಲಿಲ್ಲ. ಕಥೆಯ ದೃಷ್ಟಿಯಿಂದ ಇದು ಸಮಂಜಸವೇ: ಊರು ಅದರಲ್ಲಿ ವಾಸಿಸುವವರದೇ ಹೊರತು ಕಟ್ಟಿದವನದಲ್ಲ. ನಿರ್ಬಂಧವಿಲ್ಲದೆ ಕಟ್ಟಬಯಸುವವರಿಗಾಗಿ ಟೆರಾ ಇನ್‌ಕಾಗ್ನಿಟಾ ಎಂಬ ಪ್ರತ್ಯೇಕ ವಿಭಾಗವಿದೆ.

ನಿರ್ಮಾಣ ಮತ್ತು ಪ್ರತಿಕ್ರಿಯೆ

ಆಟದ ನಿರ್ದೇಶಕರು ಕಜುಯಾ ನೀನೊ. ಹೊರಿಯಿ, ತೊರಿಯಾಮಾ ಮತ್ತು ಸುಗಿಯಾಮಾ ಮೂವರ ಹೆಸರುಗಳೂ ಮೂಲ ಸರಣಿಯಲ್ಲಿದ್ದಂತೆ ಇಲ್ಲಿಯೂ ಇವೆ. ಹಳೆಯ ರಾಗಗಳನ್ನೇ ಬಳಸಿರುವುದರಿಂದ, ಗುರುತು ಸಿಗದಷ್ಟು ಹಾಳಾದ ಜಾಗದಲ್ಲಿಯೂ ಬಲ್ಲವರ ಕಿವಿಗೆ ಅಲೆಫ್‌ಗಾರ್ಡ್ ಸಿಗುತ್ತದೆ. ವಿಮರ್ಶಕರ ಅಭಿಪ್ರಾಯ ಬಹುಮಟ್ಟಿಗೆ ಅನುಕೂಲಕರವಾಗಿತ್ತು. ಇಬ್ಬರು ಅಥವಾ ಹೆಚ್ಚು ಮಂದಿ ಜೊತೆಗೂಡಿ ಆಡುವ ಅವಕಾಶವಿಲ್ಲದಿರುವುದು ಮುಖ್ಯ ಆಕ್ಷೇಪಗಳಲ್ಲೊಂದು. 2018ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಹೊಸ ಆವೃತ್ತಿ ಬಂದಿತು.

ಉತ್ತರಭಾಗ

ಡ್ರ್ಯಾಗನ್ ಕ್ವೆಸ್ಟ್ ಬಿಲ್ಡರ್ಸ್ 2 ಜಪಾನಿನಲ್ಲಿ 2018ರ ಡಿಸೆಂಬರ್ 20ರಂದೂ ಇತರೆಡೆ 2019ರ ಜುಲೈನಲ್ಲಿಯೂ ಬಿಡುಗಡೆಯಾಯಿತು. ಇದರಲ್ಲಿ ಗರಿಷ್ಠ ನಾಲ್ವರು ಒಟ್ಟಿಗೆ ಆಡಬಹುದು. 1987ರ ಡ್ರ್ಯಾಗನ್ ಕ್ವೆಸ್ಟ್ 2 ಆಟದ ಘಟನೆಗಳ ನಂತರದ ಕಾಲವನ್ನು ಇದು ಆರಿಸಿಕೊಂಡಿದೆ. ಇಲ್ಲಿ ಜನರಿಗೆ ಕಟ್ಟುವ ಶಕ್ತಿ ಇಲ್ಲವೆಂದಲ್ಲ. ಕಟ್ಟುವುದೇ ಪಾಪವೆಂದು ಬೋಧಿಸುವ ಒಂದು ಪಂಥ ಅವರನ್ನು ಆಳುತ್ತಿದೆ. ನಿರ್ಮಾತೃವಿನ ಜೊತೆಗಾರನಾಗಿ ಬರುವ ನೆನಪು ಕಳೆದುಕೊಂಡ ಹುಡುಗನಿಗೆ ಎಷ್ಟು ಪ್ರಯತ್ನಿಸಿದರೂ ಏನನ್ನೂ ಕಟ್ಟಲು ಬಾರದು, ಕೆಡವಲು ಮಾತ್ರ ಬರುತ್ತದೆ. ಅವನ ಹೆಸರು ಮ್ಯಾಲ್‌ರಾತ್. ಹಳೆಯ ಆಟವನ್ನು ಆಡಿದವರಿಗೆ ಅದು ವಿನಾಶದ ದೇವನ ಹೆಸರೆಂದು ಗೊತ್ತು, ಹುಡುಗನಿಗೆ ಗೊತ್ತಿಲ್ಲ.