ಜಿಪ್ಸಿ ಹೊಟ್ಟೆಯಲ್ಲಿ ಬಲೆನೊ!

ಮೂಡಿಗೆರೆ, ಸಕಲೇಶಪುರದ ಕಡೆ ಹಳೇ ಜಿಪ್ಸಿಯೊಂದು ಮಾರಾಟಕ್ಕಿದೆ ಎಂದು ಹೇಳಿ ನೋಡಿ. ‘ಎಷ್ಟಕ್ಕೆ?’ ಎಂದು ಕೇಳುವವರಿಗಿಂತ ‘ಎಂಜಿನ್ ಯಾವುದು ಕೂರಿಸಿದ್ದಾರೆ?’ ಎಂದು ಕೇಳುವವರೇ ಹೆಚ್ಚು. ಕಂಪನಿ ಕೊಟ್ಟ ಎಂಜಿನ್ನೇ ಇದೆ ಎಂದರೆ ಕೆಲವರ ಮುಖ ಬಾಡುತ್ತದೆ. ‘ಬಲೆನೊ ಹಾಕಿದೆ ಮಾರಾಯಾ’ ಎಂದರೆ ಸಾಕು, ಸಂಜೆಯೊಳಗೆ ನಾಲ್ಕು ಬೈಕುಗಳು ಆ ಮನೆಯ ಅಂಗಳದಲ್ಲಿ ನಿಂತಿರುತ್ತವೆ.

ಇದು ಈಗಿನ ಹ್ಯಾಚ್‌ಬ್ಯಾಕ್ ಬಲೆನೊ ಅಲ್ಲ. 1999ರಲ್ಲಿ ಮಾರುತಿ ಕಂಪನಿ ತಂದಿದ್ದ ಬಲೆನೊ ಸೆಡಾನ್. ಕಾರು ಅಷ್ಟೇನೂ ಓಡಲಿಲ್ಲ, ಆದರೆ ಅದರ 1.6 ಲೀಟರ್ ಎಂಜಿನ್ ಮಾತ್ರ ಆಫ್‌ರೋಡ್ ಹುಡುಗರ ಕನಸಿನಲ್ಲಿ ಇವತ್ತಿಗೂ ಓಡುತ್ತಲೇ ಇದೆ.

ಜಿಪ್ಸಿ 1985ರಲ್ಲಿ ಬಂದಾಗ ಅದಕ್ಕಿದ್ದುದು 970 ಸಿಸಿ ಎಂಜಿನ್, ಶಕ್ತಿ 45 ಬಿಎಚ್‌ಪಿ. 1996ರಲ್ಲಿ ‘ಜಿಪ್ಸಿ ಕಿಂಗ್’ ಹೆಸರಿನಲ್ಲಿ 1298 ಸಿಸಿ ಸಿಕ್ಕಿತು, ಶಕ್ತಿ 60ಕ್ಕೆ ಏರಿತು. ಆಮೇಲೆ 16 ವಾಲ್ವ್, ಎಂಪಿಎಫ್‌ಐ ಬಂದು 80 ಆಯಿತು. ಅಲ್ಲಿಗೆ ನಿಂತಿತು. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಲ್ಲುವವರೆಗೂ ಅದೇ ಎಂಜಿನ್, ನಾಲ್ಕೂ ಕಡೆ ಅದೇ ಪಟ್ಟಿ ಸ್ಪ್ರಿಂಗ್. ಒಂದು ಟನ್ನಿನ ಆಸುಪಾಸಿನ ಹಗುರ ಮೈ, ಗಟ್ಟಿ ಚಾಸಿಸ್, ಫೋರ್ ವೀಲ್ ಡ್ರೈವ್. ಎಲ್ಲ ಚೆನ್ನಾಗಿದೆ, ಎಳೆತ ಒಂದು ಇನ್ನಷ್ಟು ಇದ್ದಿದ್ದರೆ ಎಂಬ ಕೊರಗು ಮಾತ್ರ ಉಳಿಯಿತು.

ಆ ಕೊರಗಿಗೆ ಬಲೆನೊ ಎಂಜಿನ್ನೇ ಯಾಕೆ? ಎರಡೂ ಸುಜುಕಿಯ ಒಂದೇ ‘ಜಿ’ ಕುಟುಂಬದವು. ದಾಯಾದಿಗಳು ಎನ್ನಬಹುದು. ಜಿಪ್ಸಿ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಅಗಲ 74 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್ 75.5 ಮಿ.ಮೀ. ಬಲೆನೊದಲ್ಲಿ ಬೋರ್ 75, ಸ್ಟ್ರೋಕ್ 90. ಗಮನಿಸಿ, ಅಗಲ ಒಂದೇ ಮಿಲಿಮೀಟರ್ ಹೆಚ್ಚಾಗಿದೆ, ಉದ್ದ ಮಾತ್ರ ಸಿಕ್ಕಾಪಟ್ಟೆ ಬೆಳೆದಿದೆ. ಸ್ಟ್ರೋಕ್ ಉದ್ದವಾದಷ್ಟೂ ಕ್ರ್ಯಾಂಕ್ ಮೇಲೆ ಪಿಸ್ಟನ್ನಿನ ಮೀಟುಗೋಲು ಉದ್ದವಾಗುತ್ತದೆ, ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ. ಜಿಪ್ಸಿಯ ಟಾರ್ಕ್ ಸುಮಾರು 103 ನ್ಯೂಟನ್ ಮೀಟರ್, ಅದಕ್ಕೂ ಎಂಜಿನ್ನನ್ನು 4500 ಆರ್‌ಪಿಎಂವರೆಗೆ ಕಿರುಚಿಸಬೇಕು. ಬಲೆನೊದ್ದು 130ರ ಆಸುಪಾಸು, ಅದೂ ಅಷ್ಟೆಲ್ಲ ಕಿರುಚಿಸದೆ. ಕೆಸರಿನ ಏರಿನಲ್ಲಿ ನಿಂತವನಿಗೆ ಈ ವ್ಯತ್ಯಾಸ ಏನೆಂದು ವಿವರಿಸಬೇಕಿಲ್ಲ.

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ನಮ್ಮೂರಿನ ಗ್ಯಾರೇಜೊಂದರಲ್ಲಿ ಕೈಜೋಡಿಸುತ್ತೇನೆ. ಅಲ್ಲಿ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ವಿಡಿಯೊಗಳಲ್ಲಿ ತೋರಿಸುವ ‘ಹಳೆಯದನ್ನು ಎತ್ತು, ಹೊಸದನ್ನು ಇಳಿಸು’ ಎಂಬುದು ಈ ಕೆಲಸದ ಅತ್ಯಂತ ಸುಲಭದ ಭಾಗ. ಸರಪಳಿ ಕ್ರೇನ್ ಇದ್ದರೆ ಅರ್ಧ ದಿನ. ಉಳಿದದ್ದಕ್ಕೆ ವಾರಗಟ್ಟಲೆ ಬೇಕು.

ಕಾರಿನಲ್ಲಿ ಬಲೆನೊ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಜಿಪ್ಸಿಯಲ್ಲಿ ಅದು ಉದ್ದಕ್ಕೆ ಕೂರಬೇಕು. ತಿರುಗಿಸಿದ ಕೂಡಲೇ ಅದರ ಪೈಪು, ವೈರು, ಸೈಲೆನ್ಸರ್ ಬಾಯಿ ಎಲ್ಲವೂ ಬೇರೆಲ್ಲೋ ಮುಖ ಮಾಡುತ್ತವೆ. ಸ್ಟ್ರೋಕ್ ಹೆಚ್ಚಿರುವ ಕಾರಣ ಬ್ಲಾಕ್ ಎತ್ತರ, ಹಾಗಾಗಿ ಬಾನೆಟ್ ಕೆಳಗೆ ಜಾಗಕ್ಕೆ ಪರದಾಟ. ಕೆಳಗಿಳಿಸೋಣವೆಂದರೆ ಅಲ್ಲಿ ಮುಂದಿನ ಆಕ್ಸಲ್ ಇದೆ. ನಿಂತಾಗ ತಾಗದಿದ್ದರೂ ಗುಂಡಿಗೆ ಬಿದ್ದು ಸ್ಪ್ರಿಂಗ್ ಒತ್ತಿದಾಗ ಆಕ್ಸಲ್ ಮೇಲೆದ್ದು ಬರುತ್ತದಲ್ಲ, ಆಗ ಆಯಿಲ್ ಸಂಪಿಗೆ ಗುದ್ದಬಾರದು. ಕಾಡಿನ ಮಧ್ಯೆ ಸಂಪ್ ಒಡೆದರೆ ಎಂಜಿನ್ನಿಗೆ ಉಳಿಗಾಲವಿಲ್ಲ.

ಇನ್ನು ವೈರಿಂಗ್. ಕಾರ್ಬುರೇಟರ್ ಜಿಪ್ಸಿಯಾದರೆ ಬಲೆನೊದ ಇಸಿಯು, ಅದರ ಸೆನ್ಸರುಗಳು, ಅಷ್ಟುದ್ದದ ವೈರಿನ ಜಡೆ ಎಲ್ಲವನ್ನೂ ತರಬೇಕು. ಹಳೆಯ ಪೆಟ್ರೋಲ್ ಪಂಪು ಸಾಲದು, ಇಂಜೆಕ್ಟರ್‌ಗೆ ಅದರ ಹತ್ತು ಪಟ್ಟಿನಷ್ಟು ಒತ್ತಡ ಬೇಕು. ಆ ಒತ್ತಡಕ್ಕೆ ತಕ್ಕ ಹೋಸು, ಕ್ಲಿಪ್ಪು ಹಾಕದೆ ಹಳೆಯ ರಬ್ಬರ್ ಪೈಪನ್ನೇ ಮುಂದುವರಿಸಿದರೆ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಚಿಮ್ಮುವುದಕ್ಕೆ ಮುಹೂರ್ತ ಇಟ್ಟಂತೆ. ರೇಡಿಯೇಟರ್ ಕೂಡ ದೊಡ್ಡದಾಗಬೇಕು. ಲೋ ಗೇರಿನಲ್ಲಿ ಆಮೆಯಂತೆ ಹತ್ತುವಾಗ ಎದುರು ಗಾಳಿಯೇ ಇರುವುದಿಲ್ಲ, ಇರುವುದು ಫ್ಯಾನ್ ಒಂದೇ.

ಎಂಜಿನ್ ಸ್ಟಾರ್ಟ್ ಆದ ದಿನ ಗ್ಯಾರೇಜಿನಲ್ಲಿ ಮೈಸೂರುಪಾಕು ಹಂಚುತ್ತಾರೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ. ಹೆಚ್ಚಿದ ಟಾರ್ಕ್ ಎಲ್ಲಿಗೆ ಹೋಗುತ್ತದೆ? ಕ್ಲಚ್ಚಿಗೆ, ಗೇರ್‌ಬಾಕ್ಸಿಗೆ, ಪ್ರೊಪೆಲ್ಲರ್ ಶಾಫ್ಟಿಗೆ, ಕೊನೆಗೆ ಮುಂದಿನ ಚಕ್ರದ ಜಾಯಿಂಟಿಗೆ. ಇವೆಲ್ಲ ಚಿಕ್ಕ ಎಂಜಿನ್ನಿಗೆಂದು ಲೆಕ್ಕ ಹಾಕಿ ಮಾಡಿದವು. ಸರಪಳಿಯಲ್ಲಿ ಎಲ್ಲಿ ಕೊಂಡಿ ತೆಳುವೋ ಅಲ್ಲಿ ತುಂಡಾಗುತ್ತದೆ. ಬ್ರೇಕ್ ಬಗ್ಗೆಯಂತೂ ಯಾರೂ ಕೇಳುವುದೇ ಇಲ್ಲ. ಚಾರ್ಮಾಡಿ ಹತ್ತಲು ಬಲೆನೊ ಬೇಕು ಎನ್ನುವವರು ಅದೇ ಚಾರ್ಮಾಡಿ ಇಳಿಯಲೂ ಬೇಕಲ್ಲ ಎಂಬುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಷ್ಟಕ್ಕೂ ದೊಡ್ಡ ಎಂಜಿನ್ ಎಷ್ಟು ಜನರಿಗೆ ನಿಜಕ್ಕೂ ಬೇಕು? ಲೆಕ್ಕ ಹಾಕೋಣ. ಬಲೆನೊ ಹಾಕಿದರೆ ಟಾರ್ಕ್ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಟ್ರಾನ್ಸ್‌ಫರ್ ಕೇಸಿನ ಲಿವರ್ ಅನ್ನು ಹೈನಿಂದ ಲೋಗೆ ಎಳೆದರೆ ಚಕ್ರಕ್ಕೆ ತಲುಪುವ ಎಳೆತ ಒಂದೂವರೆ ಪಟ್ಟಿಗೂ ಮೀರುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ! ಇನ್ನೊಂದು, ಟಯರ್. ನೋಡಲು ಗತ್ತಾಗಿರಲಿ ಎಂದು 28 ಇಂಚಿನದನ್ನು ತೆಗೆದು 32 ಇಂಚಿನದು ಹಾಕಿದರೆ ನೆಲಕ್ಕೆ ಸಿಗುವ ಎಳೆತದಲ್ಲಿ ಎಂಟನೇ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಆಮೇಲೆ ‘ಗಾಡಿ ಎಳೀತಿಲ್ಲ’ ಎಂದು ಎಂಜಿನ್ ಹುಡುಕಲು ಹೊರಡುತ್ತಾರೆ. ಮೊದಲು ಕಂಪ್ರೆಷನ್ ಅಳೆಯಿರಿ, ವಾಲ್ವ್, ಕ್ಲಚ್ ನೋಡಿಸಿ, ಆಮೇಲೆ ಮಾತು.

ಎಂಜಿನಿಯರಿಂಗ್ ಓದುವವರಿಗೆ ಇದು ಗೊತ್ತಿರಬೇಕಾದ ಸಂಗತಿಯೇ. ಪೀತಂಪುರದ ಬಾಹಾ ಸ್ಪರ್ಧೆಯಲ್ಲಿ ವರ್ಷಗಳ ಕಾಲ ಎಲ್ಲ ತಂಡಗಳಿಗೂ ಒಂದೇ ಎಂಜಿನ್ ಇತ್ತು. 10 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಬ್ರಿಗ್ಸ್ ಅಂಡ್ ಸ್ಟ್ರಾಟನ್. ಅದರ ಶಕ್ತಿ ಹೆಚ್ಚಿಸುವಂತಿರಲಿಲ್ಲ. ಗೆಲ್ಲುತ್ತಿದ್ದವರು ತೂಕ, ಗೇರು, ಸಸ್ಪೆನ್ಷನ್‌ನಲ್ಲಿ ತಲೆ ಓಡಿಸಿದವರು.

ಈಗ ಕಾಗದಪತ್ರದ ವಿಷಯ. ಬಹಳ ಜನ ‘ಅದೆಲ್ಲ ನೋಡ್ಕೋಬಹುದು ಬಿಡು’ ಎನ್ನುವ ಜಾಗ ಇದೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿತು. ಸಿಎನ್‌ಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಹಾಕಿಸಿಕೊಳ್ಳಲು ದಾರಿಯಿದೆ. ಕೆಟ್ಟ ಎಂಜಿನ್ನಿಗೆ ಬದಲು ಅದೇ ತಯಾರಿಕೆಯ, ಅದೇ ಮಾದರಿಯದ್ದನ್ನು ಆರ್‌ಟಿಒ ಅನುಮತಿ ಪಡೆದು ಕೂರಿಸಬಹುದು. 1298ರ ಜಾಗಕ್ಕೆ 1590 ಸಿಸಿ ತರುವುದು ಈ ಎರಡರಲ್ಲೂ ಬರುವುದಿಲ್ಲ. ಗೋವಾದ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗೆ ಸಿದ್ಧವಾಗುವ ಗಾಡಿಗಳ ಕಥೆ ಬೇರೆ. ಅವುಗಳನ್ನು ಟ್ರಕ್ ಮೇಲೆ ಹೇರಿಕೊಂಡು ಹೋಗಿ ಸ್ಪರ್ಧೆಯ ಜಾಗದಲ್ಲಿ ಇಳಿಸಿದರೆ ಆಯಿತು. ಸಂತೆಗೆ ಹೋಗುವ ಗಾಡಿಯನ್ನು ಹಾಗೆ ಮಾಡಲಾಗುವುದಿಲ್ಲವಲ್ಲ.

ನನ್ನ ಗೆಳೆಯನೊಬ್ಬ ಇದರಲ್ಲಿ ಸಿಕ್ಕಿಬಿದ್ದಿದ್ದಾನೆ. ಬಿ.ಕಾಂ. ಮುಗಿಸಿ ಎರಡು ವರ್ಷ ಅಲೆದು, ಕೊನೆಗೆ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್ ಕೆಲಸ ಹಿಡಿದ. ಮಳೆಗಾಲದಲ್ಲೂ ತೋಟದ ಮೇಲಿನ ಬ್ಲಾಕಿಗೆ ಹತ್ತುವ ಸ್ವಂತ ಗಾಡಿ ಇರಬೇಕೆಂಬುದು ಅವರ ಷರತ್ತು. ಸಹಕಾರ ಸಂಘದಲ್ಲಿ ಸಾಲ ಮಾಡಿ ಜಿಪ್ಸಿ ಕೊಂಡ. ಗಾಡಿಗೆ 15 ವರ್ಷ ತುಂಬಿತು, ನೋಂದಣಿ ನವೀಕರಣಕ್ಕೆ ಒಯ್ದ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು, ಸರಿಹೋಯಿತು. ಎಂಜಿನ್ ನಂಬರ್ ಉಜ್ಜಿದರೆ ಆರ್‌ಸಿಯಲ್ಲಿರುವುದೇ ಬೇರೆ. ಮಾರಿದವನು ಬಲೆನೊ ಕೂರಿಸಿ, ಬಾಯಿ ಮುಚ್ಚಿಕೊಂಡು ಕೈತೊಳೆದುಕೊಂಡಿದ್ದ. ಬಾನೆಟ್ ಎತ್ತಿ ನಂಬರ್ ತಾಳೆ ನೋಡಲು ಎರಡು ನಿಮಿಷ ಸಾಕು, ಆದರೆ ಬಿ.ಕಾಂ. ಓದಿದವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಗಾಡಿ ಶೆಡ್ಡಿನಲ್ಲಿದೆ, ಕಂತು ತಿಂಗಳು ತಿಂಗಳು ಹೋಗುತ್ತಿದೆ. ಎಸ್ಟೇಟಿನವರು ಮಳೆಗಾಲದವರೆಗೆ ಕಾಯುತ್ತೇವೆ ಎಂದಿದ್ದಾರೆ. ವಿಮೆಯ ಕಥೆ ನೆನೆದರೆ ಇನ್ನೂ ಭಯ. ದಾರಿಯಲ್ಲಿ ಯಾರಿಗಾದರೂ ತಾಗಿದ್ದರೆ, ದಾಖಲೆಗೆ ಹೊಂದದ ಗಾಡಿಯ ಪರಿಹಾರವನ್ನು ಯಾರು ಕಟ್ಟಬೇಕು ಎಂಬ ಜಗಳ ಅವನ ಹೆಗಲಿಗೇ ಬರುತ್ತಿತ್ತು.

ಅದೃಷ್ಟಕ್ಕೆ, ಎಂಜಿನ್ ಬದಲಿಸಿದ ಗ್ಯಾರೇಜಿನ ಹಿತ್ತಲಲ್ಲಿ ಗೋಣಿಚೀಲದ ಕೆಳಗೆ ಹಳೆಯ 1298 ಸಿಸಿ ಬ್ಲಾಕ್ ಸಿಕ್ಕಿತು. ತುಕ್ಕು ಉಜ್ಜಿ ನೋಡಿದರೆ ನಂಬರ್ ಆರ್‌ಸಿಗೆ ಅಕ್ಷರಶಃ ಸರಿಹೊಂದುತ್ತದೆ. ಎರಡು ಪಿಸ್ಟನ್ ಹಿಡಿದುಕೊಂಡಿವೆ, ರೀಬೋರ್ ಆಗಬೇಕು. ಬಲೆನೊ ಎಂಜಿನ್ನನ್ನು ಸ್ಪರ್ಧೆಗೆ ಗಾಡಿ ಕಟ್ಟುವವರಿಗೆ ಕೊಟ್ಟರೆ ಆ ಖರ್ಚು ಹುಟ್ಟುತ್ತದೆ ಎಂದು ನಮ್ಮ ಗ್ಯಾರೇಜ್ ಅಣ್ಣ ಲೆಕ್ಕ ಹಾಕಿದ್ದಾರೆ. ಬ್ಲಾಕ್ ಈಗ ಹಾಸನದ ಲೇತ್ ಅಂಗಡಿಯಲ್ಲಿದೆ, ಓವರ್‌ಸೈಜ್ ಪಿಸ್ಟನ್‌ಗೆ ಹೇಳಿದ್ದೇವೆ. ಬಂದ ಭಾನುವಾರವೇ ಕ್ರೇನ್ ಹತ್ತಿಸುತ್ತೇವೆ, ಈ ಸಲ ಉಲ್ಟಾ ದಿಕ್ಕಿನಲ್ಲಿ.