ಒಂದೇ ಎಲೆ, 1440 ವರ್ಣತಂತು

ಉತ್ತರ ಆಫ್ರಿಕಾದ ಅಟ್ಲಾಸ್ ಬ್ಲೂ ಚಿಟ್ಟೆ 2025ರಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಜೀವಕೋಶದಲ್ಲಿ 229 ಜೊತೆ ವರ್ಣತಂತುಗಳಿವೆ, ಪ್ರಾಣಿಗಳಲ್ಲಿ ಇದೇ ದಾಖಲೆ. ಸಸ್ಯಗಳನ್ನೂ ಲೆಕ್ಕಕ್ಕೆ ತಂದರೆ ಈ ದಾಖಲೆ ಉಳಿಯುವುದಿಲ್ಲ. ನಮ್ಮ ದೇಶದಲ್ಲೂ ಬೆಳೆಯುವ ಆಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರಿಗಿಡದಲ್ಲಿ 720 ಜೊತೆಗಳಿವೆ. ಸಾಮಾನ್ಯವಾಗಿ ಒಂದೇ ಎಲೆ, ಅದರ ಬುಡದಿಂದ ಏಳುವ ಬೀಜಕಗಳ ಒಂದು ಕಡ್ಡಿ. ನೆಲದ ಮೇಲೆ ಕಾಣುವ ಗಿಡ ಅಷ್ಟೇ.

ಇದರ ವರ್ಣತಂತುಗಳು 1200 ದಾಟುತ್ತವೆಂದು ಮೊದಲು ತೋರಿಸಿದವರು ತಿರುವನಂತಪುರದ ಎ. ಅಬ್ರಹಾಂ ಮತ್ತು ಸಿ. ಎ. ನೈನಾನ್. ಅವರ ವರದಿ 1954ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಗಾಜಿನ ಮೇಲೆ ಜಜ್ಜಿ ಹರಡಿದ ಒಂದು ಕೋಶದಲ್ಲಿ, ಒಂದರ ಮೇಲೊಂದು ಬಿದ್ದಿರುವ ನೂರಾರು ಚುಕ್ಕೆಗಳನ್ನು ಬರಿಯ ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಆ ತಾಳ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಸಂಖ್ಯೆ ದೊಡ್ಡದೆಂದ ಮಾತ್ರಕ್ಕೆ ಜೀವಿ ಜಟಿಲವಾಗಿರಬೇಕಿಲ್ಲ. ಒಂದು ದಪ್ಪ ಪುಸ್ತಕದ ಹೊಲಿಗೆ ಬಿಚ್ಚಿ ಹತ್ತು ತೆಳು ಪುಸ್ತಕ ಮಾಡಿದರೂ ಓದಲು ಸಿಗುವುದು ಅದೇ ಕಥೆ. ಚಿಟ್ಟೆಯಲ್ಲಿ ಆದದ್ದು ಇದೇ, ಇದ್ದ ವರ್ಣತಂತುಗಳು ತುಂಡಾದವು. ಜರಿಗಿಡದ ದಾರಿ ಬೇರೆ. ಅದು ಇಡೀ ಪುಸ್ತಕದ ಹೊಸ ಪ್ರತಿಗಳನ್ನು ಮತ್ತೆ ಮತ್ತೆ ಕಪಾಟಿಗೆ ಸೇರಿಸುತ್ತ ಹೋಯಿತು.

ಹೀಗೆ ದುಪ್ಪಟ್ಟಾದ ಗಿಡಕ್ಕೆ ಸಾಮಾನ್ಯವಾಗಿ ಸರಿಹೊಂದುವ ಜೋಡಿ ಸಿಗುವುದು ಕಷ್ಟ. ಈ ಕುಟುಂಬಕ್ಕೆ ಆ ತೊಂದರೆ ಅಷ್ಟಿಲ್ಲ. ಮಣ್ಣಿಗೆ ಇಳಿದ ಬೀಜಕದಿಂದ ಹಸಿರೇ ಇಲ್ಲದ ಸಣ್ಣ ಗೆಡ್ಡೆಯಂಥದ್ದು ಹುಟ್ಟಿ, ಶಿಲೀಂಧ್ರ ಕೊಡುವ ಆಹಾರದಲ್ಲೇ ಕತ್ತಲಲ್ಲಿ ಬೆಳೆಯುತ್ತದೆ. ಗಂಡು, ಹೆಣ್ಣು ಕೋಶಗಳೆರಡೂ ಅದರ ಮೈಮೇಲೇ ಇರುವುದರಿಂದ ಒಂಟಿಯಾಗಿಯೇ ಹೊಸ ವಂಶ ಶುರುಮಾಡಬಲ್ಲದು.

ತಂಪು ನಾಡುಗಳ ಹುಲ್ಲುಗಾವಲಿನಲ್ಲಿ ಸಿಗುವ ಇದರ ಬಂಧು ಮೂನ್‌ವರ್ಟ್‌ನ ಬಾಳೂ ಹೀಗೆಯೇ. ಅರ್ಧಚಂದ್ರದಂಥ ಎಲೆಪಾಲುಗಳ ಈ ಗಿಡ ಕೆಲವು ವರ್ಷ ತಲೆಯನ್ನೇ ಹೊರಹಾಕುವುದಿಲ್ಲ, ಶಿಲೀಂಧ್ರವನ್ನು ನಂಬಿ ನೆಲದೊಳಗೇ ಉಳಿಯುತ್ತದೆ. ಪ್ರಭೇದಗಳು ನೋಡಲು ಎಷ್ಟು ಒಂದೇ ತರಹ ಎಂದರೆ, ಅಮೆರಿಕದ ಮೂನ್‌ವರ್ಟ್‌ಗಳನ್ನು ವಿಂಗಡಿಸಿದ ವಾರೆನ್ ಮತ್ತು ಫ್ಲಾರೆನ್ಸ್ ವ್ಯಾಗ್ನರ್ ದಂಪತಿಗೂ ವರ್ಣತಂತುಗಳ ಎಣಿಕೆ ಬೇಕಾಯಿತು. ಕೆಲವಕ್ಕೆ 45 ಜೊತೆ, ಕೆಲವಕ್ಕೆ 90. ಎರಡನೆಯವುಗಳಲ್ಲಿ ಹಲವು, 45ರ ಎರಡು ಪ್ರಭೇದಗಳು ಬೆರೆತು ದುಪ್ಪಟ್ಟಾಗಿ ಹುಟ್ಟಿದವು.